ಲೋಕಲ್ ಫ್ಯಾಮಿಲಿ ಅಂದ್ರೆ ನಾವಾ?

ಮೊನ್ನೆ ಮಾಟುಂಗಾದಲ್ಲಿ ನಮ್ಮವರದ್ದೇ ಒಂದು ಕಾರ್ಯಕ್ರಮ ಇತ್ತು. ಭಾಷಣ, ಸನ್ಮಾನ, ಶಾಲು, ಹಾರ ಎಲ್ಲ ಮುಗಿದ ಮೇಲೆ ಕಾಫಿ ಹಿಡಿದುಕೊಂಡು ಮೂಲೆಯಲ್ಲಿ ನಿಂತು ಹರಟುವುದಕ್ಕೇ ನಾನು ಇಂಥ ಕಡೆ ಹೋಗುವುದು ಅಂತ ಇಟ್ಟುಕೊಳ್ಳಿ. ಅಲ್ಲಿ ಬಹಳ ವರ್ಷದ ಪರಿಚಯದ ಒಬ್ಬರು ಸಿಕ್ಕಿದರು. ಮುಖದಲ್ಲಿ ಏನೋ ಹೊಸ ಕಳೆ.

"ನಮ್ಮ ಮನೆಯಲ್ಲಿ ಈಗ ಜರ್ಮನಿಯವರಿದ್ದಾರೆ ಮಾರಾಯ್ರೆ, ಹದಿನೈದು ದಿನಕ್ಕೆ. ಮಗಳ ರೂಮು ಖಾಲಿ ಇತ್ತಲ್ಲ, ಕೊಟ್ಟುಬಿಟ್ಟೆ. ಹೋಟೆಲಿನಲ್ಲಿ ಉಳಿದರೆ ಅವರಿಗೆ ಇಂಡಿಯಾ ಕಾಣಿಸುವುದಿಲ್ಲವಂತೆ. ರಜೆ ಕಳೆದರೆ ಲೋಕಲ್ ಫ್ಯಾಮಿಲಿ ಜೊತೆಗೇ ಕಳೆಯಬೇಕಂತೆ" ಅಂದರು.

ಸುತ್ತ ನಿಂತವರೆಲ್ಲ ಬಹಳ ಖುಷಿಪಟ್ಟರು. ಒಬ್ಬರಂತೂ ಇದೇ ನಿಜವಾದ ದೇಶಸೇವೆ, ನಮ್ಮ ಸಂಸ್ಕೃತಿಯನ್ನು ಹೊರಗಿನವರಿಗೆ ತೋರಿಸಿದ ಹಾಗಾಯಿತು, ಜೊತೆಗೆ ನಾಲ್ಕು ಕಾಸೂ ಆಯಿತು, ಮಕ್ಕಳು ಅಮೆರಿಕಕ್ಕೋ ಬೆಂಗಳೂರಿಗೋ ಹೋಗಿ ರೂಮು ಖಾಲಿ ಬಿದ್ದಿರುವ ಮುಂಬೈ ಕನ್ನಡಿಗರೆಲ್ಲ ಹೀಗೆ ಮಾಡಬೇಕು ಅಂದರು. ನಾನು ಮಾತಾಡಲಿಲ್ಲ. ಮನೆಗೆ ಬರುವಾಗ ಬೊರಿವಲಿ ಸ್ಲೋ ಲೋಕಲಿನಲ್ಲಿ ಕಿಟಕಿ ಸೀಟು ಸಿಕ್ಕಿದರೂ ಮನಸ್ಸಿಗೆ ಕಿರಿಕಿರಿ. ಅಲ್ಲಿ ಆಡದೇ ಇದ್ದ ಮಾತನ್ನು ಇಲ್ಲಿ ಆಡುತ್ತಿದ್ದೇನೆ. ಅವರು ಓದಿದರೆ ಬೇಸರ ಮಾಡಿಕೊಳ್ಳುವುದು ಬೇಡ, ಯಾಕಂದರೆ ಮೊದಲ ಕಳ್ಳ ನಾನೇ.

2013ರ ಡಿಸೆಂಬರಿನಲ್ಲಿ ನಾವೂ ಲೋಕಲ್ ಫ್ಯಾಮಿಲಿ ಆಗಿದ್ದೆವು. ಮಗ ಅದರ ಹಿಂದಿನ ವರ್ಷ ಅಮೆರಿಕಕ್ಕೆ ಹೋಗಿದ್ದ, ಅವನ ರೂಮು ಖಾಲಿ. ಮಗಳು ಒಂದು ಜಾಲತಾಣದಲ್ಲಿ ನಮ್ಮ ಮನೆಯ ಹೆಸರು ಹಾಕಿದಳು. ಬೊರಿವಲಿಗೆ ಯಾರು ಬರುತ್ತಾರೆ ಮಾರಾಯ್ತಿ, ಫಾರಿನ್‌ನವರಿಗೆ ಕೊಲಾಬಾ ಬೇಕು, ಬಾಂದ್ರಾ ಬೇಕು ಅಂತ ನಾನು ನಕ್ಕಿದ್ದೆ. ಆದರೆ ಬಂದರು. ಹಾಲೆಂಡಿನ ಗಂಡ ಹೆಂಡತಿ, ಇಬ್ಬರೂ ಶಾಲೆಯಲ್ಲಿ ಕಲಿಸುವವರು. ಅವರಿಗೆ ಗೊರಾಯಿಯ ವಿಪಶ್ಯನಾ ಪಗೋಡ ನೋಡಬೇಕಿತ್ತು. ಅದೇ, 2009ರಲ್ಲಿ ಉದ್ಘಾಟನೆಯಾಯಿತಲ್ಲ, ಖಾಡಿ ದಾಟಿ ದೋಣಿಯಲ್ಲಿ ಹೋಗುವುದು. ಕಾನ್ಹೇರಿ ಗುಹೆಗಳನ್ನೂ ನೋಡಬೇಕಿತ್ತು. ನೂರಕ್ಕೂ ಮಿಕ್ಕಿದ ಬೌದ್ಧ ಗುಹೆಗಳು ನಮ್ಮ ಮನೆಯಿಂದ ಆಟೋ ದೂರದಲ್ಲಿವೆ ಅನ್ನುವುದು ಅವರಿಗೆ ಗೊತ್ತಿತ್ತು. ನಾನು ಅಲ್ಲಿಗೆ ಹೋಗಿದ್ದು ಒಂದೇ ಸಲ, ಅದೂ ಮಕ್ಕಳ ಸ್ಕೂಲಿನ ಪಿಕ್ನಿಕ್ಕಿಗೆ. ಹನ್ನೆರಡು ರಾತ್ರಿ, ರಾತ್ರಿಗೆ 1,800 ರೂಪಾಯಿ, ಬೆಳಗಿನ ತಿಂಡಿ ಸೇರಿ.

ಅವರು ಬರುವ ವಾರ ಮೊದಲು ನಮ್ಮ ಮನೆಯಲ್ಲಿ ಏನೇನು ನಡೆಯಿತು ಅಂತ ಹೇಳಬೇಕು.

ಹಾಲಿಗೆ ಬಣ್ಣ ಹೊಡೆಸಿದೆವು. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿದೆವು. ಅಮ್ಮ ಆಗ ನಮ್ಮ ಜೊತೆಯೇ ಇದ್ದರು. ಅವರ ಎಲೆಯಡಿಕೆ ತಟ್ಟೆ, ಸುಣ್ಣದ ಡಬ್ಬಿ ಒಳಗಿನ ಕೋಣೆಗೆ ಹೋಯಿತು. ಹಿಂದೆಯೇ ಅಮ್ಮನೂ ಹೋದರು. ಒಣಮೀನಿನ ಡಬ್ಬಿಯನ್ನು ವಾಸನೆ ಬರುತ್ತದೆ ಅಂತ ಎದುರು ಮನೆಯವರ ಹತ್ತಿರ ಇಟ್ಟೆವು. ಎರಡು ವಾರ ಬಂಗುಡೆ ತರುವುದು ಬೇಡ ಅಂತ ನಾನೇ ಹೇಳಿದೆ. ಗೋಡೆಗೆ ಯಕ್ಷಗಾನದ ಒಂದು ಮುಖವಾಡ ತೂಗುಹಾಕಿದೆ, ಯಾವುದೋ ಎಕ್ಸಿಬಿಷನ್ನಿನಲ್ಲಿ ಕೊಂಡದ್ದು. ಇಡೀ ರಾತ್ರಿ ಕೂತು ಆಟ ನೋಡದೆ ನನಗೆ ಇಪ್ಪತ್ತು ವರ್ಷವಾಗಿತ್ತು. ಖಾದಿ ಭಂಡಾರದಿಂದ ಹೊಸ ಹೊದಿಕೆ, ಬಾಗಿಲಿಗೆ ಪ್ಲಾಸ್ಟಿಕ್ಕಿನ ಮಾವಿನೆಲೆ ತೋರಣ. ಇಷ್ಟೆಲ್ಲ ಮಾಡಿ ನಾವು ಅವರಿಗೆ ತೋರಿಸಲು ಹೊರಟದ್ದು ಏನನ್ನು ಅಂದರೆ, ನಾವು ದಿನಾ ಹೇಗಿರುತ್ತೇವೆ ಅನ್ನುವುದನ್ನು!

ಇದು ನನ್ನೊಬ್ಬನ ಹುಚ್ಚಲ್ಲ. ಸರಕಾರದ್ದೇ ಒಂದು ಯೋಜನೆ ಇದೆ, ಇನ್‌ಕ್ರೆಡಿಬಲ್ ಇಂಡಿಯಾ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಅಂತ. ಮನೆಯವರು ಅದೇ ಮನೆಯಲ್ಲಿ ವಾಸ ಮಾಡುತ್ತಿರಬೇಕು, ಒಂದರಿಂದ ಆರು ರೂಮಿನವರೆಗೆ ಕೊಡಬಹುದು, ಮನೆಗಳಿಗೆ ಚಿನ್ನ ಮತ್ತು ಬೆಳ್ಳಿ ಎಂಬ ಎರಡು ದರ್ಜೆ. ವಿದೇಶಿಯರು ಭಾರತೀಯ ಕುಟುಂಬದ ಜೊತೆ ಇದ್ದು ಇಲ್ಲಿನ ರೀತಿ ರಿವಾಜು, ಊಟ ಸವಿಯಲಿ ಅನ್ನುವುದು ಉದ್ದೇಶ. ಆಗ ಆ ಪಟ್ಟಿಯನ್ನು ಕೂತು ಓದಿದ್ದೆ. ಕಮೋಡಿಗೆ ಮುಚ್ಚಳ ಇರಬೇಕು, ಟಾಯ್ಲೆಟ್ ಪೇಪರ್ ಇರಬೇಕು ಅಂತೆಲ್ಲ ಇತ್ತು. ಕುಟುಂಬ ಇದ್ದರೆ ಸಾಕು, ಅದರೊಳಗೆ ಯಾರು ಬೆಳಿಗ್ಗೆ ಐದಕ್ಕೆ ಏಳುತ್ತಾರೆ ಅನ್ನುವುದು ಯಾವ ಪಟ್ಟಿಗೆ ಬೇಕು?

ಐದಕ್ಕೆ ಏಳುತ್ತಿದ್ದವಳು ನನ್ನ ಹೆಂಡತಿ. ಹನ್ನೆರಡು ದಿನ. ಒಂದು ದಿನ ನೀರ್ ದೋಸೆ, ಒಂದು ದಿನ ಇಡ್ಲಿ, ಒಂದು ದಿನ ಮೂಡೆ. ಮೂಡೆಗೆ ಎಲೆ ಹುಡುಕಿಕೊಂಡು ಮಾಟುಂಗಾ ಮಾರ್ಕೆಟ್ಟಿಗೆ ಹೋಗಿ ಬಂದಳು, ಪೀಕ್ ಅವರಿನಲ್ಲಿ. ರಾತ್ರಿಗೆ ಅವರಿಗೆ 'ಇಂಡಿಯನ್' ಊಟ ಬೇಕು ಅಂತ ನಾವೇ ಊಹಿಸಿಕೊಂಡು ಪನೀರ್ ಬಟರ್ ಮಸಾಲ, ನಾನ್. ನಮ್ಮ ಮನೆಯಲ್ಲಿ ಅದುವರೆಗೆ ನಾನ್ ಮಾಡಿದ್ದೇ ಇಲ್ಲ. ಅವರ ರಜೆ ಅನ್ನುವುದು ಇವಳ ಓವರ್‌ಟೈಮ್. ಕೊನೆಗೆ ಜಾಲತಾಣದವರು ತಮ್ಮ ಪಾಲು ಹಿಡಿದುಕೊಂಡು ಉಳಿದದ್ದನ್ನು ನನ್ನ ಖಾತೆಗೆ ಹಾಕಿದರು. ಲೆಕ್ಕ 21,600, ಕೈಗೆ ಸ್ವಲ್ಪ ಕಡಿಮೆ. ಅವರು ಹೋದ ಮಾರನೆಯ ದಿನ ಇವಳು ಕೇಳಿದ್ದು ಒಂದೇ ಪ್ರಶ್ನೆ. "ಹಣ ಯಾರ ಖಾತೆಗೆ ಬಂತು?"

ನಾನು ಏನೋ ಹೇಳಿ ತಪ್ಪಿಸಿಕೊಂಡೆ.

ಇಷ್ಟಾದರೆ ನಗಬಹುದಿತ್ತು. ನಗಲಾಗದ್ದು ಮುಂದಿದೆ.

ಅವರು ಬಂದ ಮೂರನೇ ದಿನ ಅಕ್ಕನ ಮಗ ಫೋನ್ ಮಾಡಿದ. ನಮ್ಮದು ಕುಂದಾಪುರದ ಹತ್ತಿರದ ಹಳ್ಳಿ. ಹುಡುಗ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದ. "ಮಾವ, ನಾಳೆ ಮತ್ಸ್ಯಗಂಧಕ್ಕೆ ಹೊರಡ್ತೇನೆ. ಅಂಧೇರಿಯಲ್ಲಿ ಇಂಟರ್‌ವ್ಯೂ. ಎರಡು ದಿನ ಉಳೀತೇನೆ" ಅಂದ. ಉಳೀಬಹುದಾ ಅಂತ ಕೇಳಲಿಲ್ಲ, ಗಮನಿಸಿ. ಮಾವನ ಮನೆಗೆ ಬರಲು ಯಾರೂ ಕೇಳುವುದಿಲ್ಲ. ನಾನು ಹೇಳಿದೆ, "ಇಲ್ಲಿ ಗೆಸ್ಟ್ ಇದ್ದಾರೆ ಮಾರಾಯ, ಮಲಗಲಿಕ್ಕೆ ಸ್ವಲ್ಪ ತೊಂದರೆ. ದಾದರಿನಲ್ಲಿ ಒಂದು ಲಾಡ್ಜ್ ಬುಕ್ ಮಾಡ್ತೇನೆ, ದುಡ್ಡು ನಾನೇ ಕೊಡ್ತೇನೆ."

ಎರಡು ಕ್ಷಣ ಸುಮ್ಮನಿದ್ದ. ಆಮೇಲೆ "ಆಯ್ತು ಮಾವ" ಅಂದ.

ಮಲಗಲು ತೊಂದರೆ! ಪ್ರತಿ ಮೇ ತಿಂಗಳಲ್ಲಿ ಅದೇ ಹಾಲಿನಲ್ಲಿ ಊರಿನ ಐದಾರು ಜನ ಚಾಪೆ ಹಾಸಿ ಮಲಗುತ್ತಿದ್ದರು. ಮಕ್ಕಳು ರಾಣಿಬಾಗ್, ಗೇಟ್‌ವೇ, ಚೌಪಾಟಿ ನೋಡಿಕೊಂಡು ಹೋಗುತ್ತಿದ್ದರು. ಆ ಹುಡುಗನೇ ಎಂಟು ವರ್ಷದವನಿದ್ದಾಗ ಅದೇ ಹಾಲಿನಲ್ಲಿ ಜ್ವರ ಬಂದು ಮಲಗಿದ್ದ. ಜಾಗಕ್ಕೆ ಏನೂ ತೊಂದರೆ ಇರಲಿಲ್ಲ. ನನಗಿದ್ದ ತೊಂದರೆ ಏನೆಂದರೆ, ಬನಿಯನ್ನು ಹಾಕಿಕೊಂಡು ಹಾಲಿನಲ್ಲಿ ಹಲ್ಲುಜ್ಜುವ ಒಬ್ಬ ಹಳ್ಳಿ ಹುಡುಗ ನಮ್ಮ 'ಲೋಕಲ್ ಫ್ಯಾಮಿಲಿ' ಚಿತ್ರಕ್ಕೆ ಹೊಂದುತ್ತಿರಲಿಲ್ಲ. ಅಂದರೆ ಫ್ಯಾಮಿಲಿ ತೋರಿಸುವುದಕ್ಕೋಸ್ಕರ ಫ್ಯಾಮಿಲಿಯವನನ್ನು ಹೊರಗೆ ಹಾಕಿದೆ.

ಅಕ್ಕ ನಾಲ್ಕು ತಿಂಗಳು ಫೋನ್ ಮಾಡಲಿಲ್ಲ. 2019ರಲ್ಲಿ ಅವನ ಮದುವೆ ಆಯಿತು. ಸೋದರಮಾವನಿಗೆ ಕರೆಯೋಲೆ ವಾಟ್ಸಾಪಿನಲ್ಲಿ ಬಂತು. ನಮ್ಮ ಕಡೆ ಸೋದರಮಾವನಿಗೆ ಮದುವೆಯಲ್ಲಿ ಏನು ಜಾಗ ಅಂತ ನಿಮ್ಮಲ್ಲಿ ಅನೇಕರಿಗೆ ಗೊತ್ತಿದೆ. ಹೆಚ್ಚು ಬರೆಯುವುದಿಲ್ಲ.

ಹಾಗಂತ ಬಂದ ಅತಿಥಿಗಳ ತಪ್ಪು ಏನೂ ಇಲ್ಲ. ಪಾಪ, ಒಳ್ಳೆಯವರು. ಒಂದು ಮಧ್ಯಾಹ್ನ ನಾನು ಆಫೀಸಿನಲ್ಲಿದ್ದೆ, ಹೆಂಡತಿ ಬ್ಯಾಂಕಿಗೆ ಹೋಗಿದ್ದಳು, ಅವರು ಬೇಗ ವಾಪಸು ಬಂದಿದ್ದಾರೆ. ಅಡುಗೆಮನೆಯಲ್ಲಿ ಅಮ್ಮ ಮತ್ತು ನಮ್ಮ ಕೆಲಸದ ಬಾಯಿ ನೆಲದಲ್ಲಿ ಕೂತು ಕುಚ್ಚಿಗೆ ಅಕ್ಕಿ ಗಂಜಿ ಉಣ್ಣುತ್ತಿದ್ದರಂತೆ, ಸುಟ್ಟ ಒಣಮೀನು ಚಟ್ನಿ ಜೊತೆಗೆ. ಎದುರು ಮನೆಯಿಂದ ಅಮ್ಮ ಡಬ್ಬಿ ಯಾವಾಗ ವಾಪಸು ತಂದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಹೆಂಗಸು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳಂತೆ. ಅಮ್ಮ ಒಂದು ಬಟ್ಟಲು ಬಡಿಸಿದರಂತೆ. ಅಮ್ಮನಿಗೆ ಕುಂದಾಪುರ ಕನ್ನಡ ಬಿಟ್ಟು ಬೇರೆ ಬಾರದು, ಬಾಯಿಗೆ ಮರಾಠಿ, ಅವಳಿಗೆ ಡಚ್ಚು, ಇಂಗ್ಲಿಷು. ಒಂದೂವರೆ ಗಂಟೆ ಮೂವರೂ ಕೂತಿದ್ದರಂತೆ. ಸಂಜೆ ಬಂದು ಕೇಳಿ ನಾನು ಅಮ್ಮನ ಮೇಲೆ ರೇಗಿದೆ, ಗಂಜಿ ಯಾಕೆ ಕೊಟ್ಟಿರಿ, ನಮ್ಮ ಬಗ್ಗೆ ಏನು ತಿಳಿದುಕೊಳ್ಳುತ್ತಾರೆ ಅಂತ. ಅಮ್ಮ ಎಲೆಗೆ ಸುಣ್ಣ ಹಚ್ಚುತ್ತಾ, "ಹಸಿದು ಬಂದಿತ್ತು ಹೆಣ್ಣು, ಹಾಕಿದೆ. ಅದ್ರಲ್ಲಿ ಎಂತ?" ಅಂದರು.

ಮೂರು ವಾರದ ಮೇಲೆ ರಿವ್ಯೂ ಬಂತು. ಊಟ ಬಹಳ ಚೆನ್ನಾಗಿತ್ತು, ಮನೆ ಹೋಟೆಲಿನಷ್ಟೇ ಸ್ವಚ್ಛ ಮತ್ತು ವ್ಯವಸ್ಥಿತ, ಮನೆಯ ಅಜ್ಜಿಯ ಜೊತೆ ಇನ್ನಷ್ಟು ಹೊತ್ತು ಕಳೆಯುವ ಆಸೆಯಿತ್ತು ಅಂತ. ಐದರಲ್ಲಿ ನಾಲ್ಕು ನಕ್ಷತ್ರ. ನನ್ನ ಹೆಂಡತಿಯ ಹನ್ನೆರಡು ದಿನದ ಐದು ಗಂಟೆಗಳಿಗೆ ಯಾರೋ ಪೇಪರ್ ತಿದ್ದಿದ ಹಾಗೆ ಮಾರ್ಕು ಹಾಕಿದ್ದರು. ಮೇಷ್ಟ್ರುಗಳಲ್ಲವಾ, ಅಭ್ಯಾಸ ಬಲ!

ಈಗ ಆ 'ಲೋಕಲ್' ಅನ್ನುವ ಶಬ್ದಕ್ಕೆ ಬರೋಣ. ಮುಂಬೈಯಲ್ಲಿ ಲೋಕಲ್ ಅಂದರೆ ರೈಲು. ಮನುಷ್ಯರಲ್ಲಿ ಲೋಕಲ್ ಯಾರು ಅಂತ ಕೇಳಿದರೆ ಇಲ್ಲಿ ತಲೆ ಒಡೆಯುತ್ತವೆ, ಒಡೆದಿವೆ ಕೂಡ. ನಾನು ಇಲ್ಲಿಗೆ ಬಂದದ್ದು 1978ರಲ್ಲಿ. ಅದಕ್ಕೆ ಹನ್ನೆರಡು ವರ್ಷ ಮೊದಲು, 1966ರಲ್ಲಿ, ಶಿವಸೇನೆ ಹುಟ್ಟಿದ್ದೇ ನಮ್ಮಂಥ ತೆಂಕಣದವರು ಮಣ್ಣಿನ ಮಕ್ಕಳ ಕೆಲಸ ಕಿತ್ತುಕೊಂಡರು ಅನ್ನುವ ಕೂಗಿನ ಮೇಲೆ. ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದ ಕಥೆಯನ್ನು ಹಿರಿಯರು ಹೇಳುತ್ತಿದ್ದರು. ನನ್ನ ಕಾಲಕ್ಕೆ ಕಲ್ಲು ನಿಂತಿತ್ತು, ಪ್ರಶ್ನೆ ನಿಂತಿರಲಿಲ್ಲ. ರೇಷನ್ ಕಾರ್ಡ್ ಆಫೀಸಿನಲ್ಲಿ, ಮಕ್ಕಳ ಅಡ್ಮಿಷನ್ನಿನಲ್ಲಿ, ಲೋಕಲಿನ ನಾಲ್ಕನೇ ಸೀಟಿನ ಜಗಳದಲ್ಲಿ "ತುಮ್ಚಾ ಗಾಂವ್ ಕುಠ್ಲಾ?" ನಿಮ್ಮ ಊರು ಯಾವುದು? ಊರಿಗೆ ಹೋದರೆ ಅಲ್ಲಿ "ಬೊಂಬಾಯಿಯವರು ಬಂದ್ರು". ಎರಡೂ ಕಡೆ ನೆಂಟ. ಇಂಥ ನನ್ನನ್ನು ಇಷ್ಟು ವರ್ಷದಲ್ಲಿ ಮೊಟ್ಟಮೊದಲು 'ಲೋಕಲ್' ಅಂದವರು ಹಾಲೆಂಡಿನವರು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆ ಖುಷಿಗೇ ನಾನು ಅಷ್ಟು ಬಣ್ಣ ಹೊಡೆಸಿದ್ದು ಅಂತ ಈಗ ಅನಿಸುತ್ತದೆ.

ನಮ್ಮ ಸೊಸೈಟಿಯ ಕಥೆ ಕೇಳಿ. ಒಂಟಿ ಹುಡುಗರಿಗೆ ಫ್ಲ್ಯಾಟ್ ಬಾಡಿಗೆಗೆ ಕೊಡಬಾರದು, ಇಂಥ ಜಾತಿಯವರಿಗೆ ಇಂಥ ಧರ್ಮದವರಿಗೆ ಕೊಡಬಾರದು ಅಂತ ಬರೆದಿಡದ ಕಾನೂನುಗಳು ಮುಂಬೈ ಸೊಸೈಟಿಗಳಲ್ಲಿ ಎಷ್ಟಿವೆ ಅಂತ ಇಲ್ಲಿ ಮನೆ ಹುಡುಕಿದವರಿಗೆ ಗೊತ್ತು. ಎರಡನೇ ಮಹಡಿಯಲ್ಲಿ ಒಬ್ಬರು ನಾಲ್ಕು ಬಿಹಾರಿ ಹುಡುಗರಿಗೆ ಮನೆ ಕೊಟ್ಟಾಗ ಮೀಟಿಂಗ್ ಕರೆದು ಬಿಡಿಸಿದೆವು. 'ಬಿಡಿಸಿದೆವು' ಅಂತಲೇ ಬರೆದಿದ್ದೇನೆ, ನಾನೂ ಕೈ ಎತ್ತಿದ್ದೆ. ಅದೇ ಸೆಕ್ರೆಟರಿ ನಮ್ಮ ಡಚ್ಚರನ್ನು ನೋಡಿ ಲಿಫ್ಟಿನ ಬಾಗಿಲು ಹಿಡಿದು ನಿಂತರು. ವಿದೇಶಿಯರು ಬಂದು 24 ಗಂಟೆಯೊಳಗೆ ಪೊಲೀಸರಿಗೆ ಸಿ ಫಾರ್ಮ್ ಕೊಡಬೇಕಿತ್ತಲ್ಲ, ಅದನ್ನು ತುಂಬಲಿಕ್ಕೂ ಅವರೇ ಸಹಾಯ ಮಾಡಿದರು. ಗಣಿತ ಸರಳ. ಹತ್ತಿರದಿಂದ ಬಂದವನು ಹೊರಗಿನವನು, ದೂರದಿಂದ ಬಂದವನು ಅತಿಥಿ.

ಹಾಗಾದರೆ ಮುಂಬೈಯ ನಿಜವಾದ ಲೋಕಲ್ ಯಾರು? ಕೋಳಿಗಳು, ಬೆಸ್ತರು. ಮತ್ತೆ ಈಸ್ಟ್ ಇಂಡಿಯನ್ನರು, ಅಂದರೆ ಇಲ್ಲಿನ ಮೂಲನಿವಾಸಿ, ಮರಾಠಿ ಮಾತಾಡುವ ಕ್ರೈಸ್ತರು. ಅವರ ಹೆಸರಿನ ಕಥೆ ಸ್ವಾರಸ್ಯದ್ದು. ಗೋವೆಯಿಂದ, ನಮ್ಮ ಮಂಗಳೂರಿನಿಂದ ಕ್ರೈಸ್ತರು ಕೆಲಸಕ್ಕೆ ಇಲ್ಲಿಗೆ ಬರತೊಡಗಿದಾಗ, ನಾವು ಅವರಲ್ಲ, ಇಲ್ಲಿಯವರು ಅಂತ ಹೇಳಿಕೊಳ್ಳಲು 1887ರಲ್ಲಿ, ವಿಕ್ಟೋರಿಯಾ ರಾಣಿಯ ಸುವರ್ಣ ಮಹೋತ್ಸವದ ವರ್ಷ, ಈಸ್ಟ್ ಇಂಡಿಯಾ ಕಂಪೆನಿಯ ಹೆಸರನ್ನೇ ಇಟ್ಟುಕೊಂಡರು. ಅಂದರೆ ನಮ್ಮ ಕರಾವಳಿಯವರ ಕಾಟಕ್ಕೆ ಹೆಸರು ಬದಲಾಯಿಸಿಕೊಂಡವರು!

ಅಂಥ ಒಂದು ಮನೆಯಲ್ಲಿ ನಾನು ಒಂದು ರಾತ್ರಿ ಇದ್ದೆ. ಬುಕಿಂಗ್ ಇಲ್ಲ, ನಕ್ಷತ್ರ ಇಲ್ಲ. 2005ರ ಜುಲೈ 26.

ಆ ದಿನ ಸಾಂತಾಕ್ರೂಝ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ನಮ್ಮ ಆಫೀಸು ಕಲಿನಾದಲ್ಲಿ. ರೈಲು ನಿಂತಿದೆ ಅಂತ ಗೊತ್ತಾಗಿ ಮೂರು ಗಂಟೆಗೆ ಹೊರಬಿದ್ದೆ, ಅರ್ಧ ಗಂಟೆಯಲ್ಲಿ ನೀರು ಎದೆಮಟ್ಟ. ಗಾವಠಾಣದ ಒಂದು ಹಂಚಿನ ಮನೆಯ ಮೇಲಿನಿಂದ ಒಬ್ಬಳು ಮುದುಕಿ "ವರ ಯೇ, ವರ ಯೇ" ಅಂತ ಕಿರುಚಿದಳು. ಮೇಲೆ ಹೋದರೆ ಅಲ್ಲಿ ಆಗಲೇ ಹತ್ತು ಜನ. ಎರಡು ಕೋಣೆ. ಕಾಲೇಜು ಹುಡುಗಿಯರಿಬ್ಬರು, ಒಬ್ಬ ಮೌಲ್ವಿ, ಕೊರಿಯರ್ ಹುಡುಗ, ಯಾರ‍್ಯಾರೋ. ಕರೆಂಟಿಲ್ಲ. ಏಸುವಿನ ಪಟದ ಮುಂದೆ ಮೇಣದಬತ್ತಿ. ಮಗನ ಒಂದು ಶರ್ಟು ಕೊಟ್ಟಳು, ನನಗೆ ಎರಡು ಸೈಜು ದೊಡ್ಡದು. ಕಪ್ಪು ಚಹಾ, ಪಾವು, ಮನೆಯಲ್ಲಿದ್ದ ಬೊಂಬಿಲ್ ಸಾರು ಎಲ್ಲರಿಗೂ ಒಂದೊಂದು ಚಮಚ. ಸಾರು ಮುಗಿಯಿತು, ಆಮೇಲೆ ಬರೀ ಪಾವು. ಅಡಗಿಸಿಡಲು ಅವಳಿಗೆ ಸಮಯವೆಲ್ಲಿತ್ತು? ಮಗ ಕುಡಿದು ಬಂದದ್ದೂ, ಅವಳು ಅವನಿಗೆ ಬೈದದ್ದೂ, ಸೊಸೆ ಮುಖ ತಿರುಗಿಸಿದ್ದೂ ಎಲ್ಲ ನಮ್ಮ ಮುಂದೆಯೇ. ಮೌಲ್ವಿ ನಮಾಜಿಗೆ ದಿಕ್ಕು ಕೇಳಿದಾಗ ಅದೇ ಕುಡುಕ ಮಗ ಮೇಣದಬತ್ತಿ ಹಿಡಿದು ಜಾಗ ಮಾಡಿಕೊಟ್ಟ. ಅಷ್ಟು ವರ್ಷ ಮುಂಬೈಯಲ್ಲಿದ್ದು, ಒಂದು ಲೋಕಲ್ ಕುಟುಂಬದ ಮನೆಯಲ್ಲಿ ನಾನು ರಾತ್ರಿ ಕಳೆದದ್ದು ಅದೇ ಮೊದಲು. ಕೊನೆಯೂ ಅದೇ. ನಿಮ್ಮನ್ನೂ ಕೇಳುತ್ತೇನೆ, ಕೋಪ ಬೇಡ. ಇಷ್ಟು ವರ್ಷದಲ್ಲಿ ಪಕ್ಕದ ಮರಾಠಿ ಮನೆಯಲ್ಲಿ ಎಷ್ಟು ರಾತ್ರಿ ಮಲಗಿದ್ದೀರಿ? ಅವರನ್ನು ಎಷ್ಟು ರಾತ್ರಿ ಮಲಗಿಸಿದ್ದೀರಿ?

ಎರಡು ತಿಂಗಳ ಮೇಲೆ ಶರ್ಟು ಇಸ್ತ್ರಿ ಮಾಡಿಸಿ ವಾಪಸು ಕೊಡಲು ಹೋದೆ, ಮಿಠಾಯಿ ಡಬ್ಬಿ ಹಿಡಿದು. ಇದಕ್ಕೋಸ್ಕರ ಬಂದೆಯಾ ಹುಚ್ಚ ಅಂತ ಬೈದು ಮೀನು ಹುರಿದು ಹಾಕಿದಳು.

ಕೆಲವರು ಕೇಳುತ್ತೀರಿ, ಹಣ ತೆಗೆದುಕೊಳ್ಳುವುದೇ ತಪ್ಪಾ? ಖಂಡಿತ ಅಲ್ಲ. ನಮ್ಮ ಜನ ಈ ಊರಿನಲ್ಲಿ ಕಾಲೂರಿದ್ದೇ ಊಟ ಮಾರಿ. ಮಾಟುಂಗಾ ಸ್ಟೇಷನ್ ಎದುರಿನ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು. ಬಾಳೆಲೆ ಹಾಕಿ, ಅನ್ನ ಸಾರು ಬಡಿಸಿ, ಹಣ ತೆಗೆದುಕೊಂಡು, ಲಕ್ಷಾಂತರ ಜನರ ಹೊಟ್ಟೆ ತುಂಬಿಸಿದ್ದಾರೆ. ಅಲ್ಲಿ ಯಾರೂ ನೀವು ನಮ್ಮ ಮನೆಯವರು ಅಂತ ನಾಟಕ ಮಾಡಲಿಲ್ಲ. ಊಟಕ್ಕೆ ಇಷ್ಟು, ಕೂಪನ್ ತಗೊಳ್ಳಿ, ಕೂತುಕೊಳ್ಳಿ. ಎಂಥ ಮರ್ಯಾದೆಯ ವ್ಯಾಪಾರ! ಪರಿಚಯದ ಆ ಮಹನೀಯರು ರೂಮು ಬಾಡಿಗೆಗೆ ಕೊಟ್ಟಿದ್ದೇನೆ, ಇಷ್ಟು ಬರುತ್ತದೆ ಅಂದಿದ್ದರೆ ನಾನು ಕಾಫಿ ಕುಡಿದು ಎದ್ದು ಬರುತ್ತಿದ್ದೆ. ಕೊಲಾಬಾದಿಂದ ಹಿಡಿದು ನಮ್ಮ ಕೊಡಗು, ಚಿಕ್ಕಮಗಳೂರಿನವರೆಗೆ ಎಷ್ಟೋ ಮನೆ ಅದರಿಂದ ನಡೆಯುತ್ತಿದೆ, ನಡೆಯಲಿ. ರೂಮಿಗೆ ಬಾಡಿಗೆ ಹಾಕಿ, ಕುಟುಂಬವನ್ನು ಉಚಿತ ಕೊಡುಗೆಯಾಗಿ ಸೇರಿಸುವುದಕ್ಕೆ ನನ್ನ ತಕರಾರು.

ಈ ಕಲ್ಪನೆ ಶುರುವಾದದ್ದು ಹೀಗಲ್ಲ. 1932ರಲ್ಲಿ ಡೊನಾಲ್ಡ್ ವ್ಯಾಟ್ ಎಂಬ ಅಮೆರಿಕನ್ 'ಎಕ್ಸ್‌ಪೆರಿಮೆಂಟ್ ಇನ್ ಇಂಟರ್‌ನ್ಯಾಷನಲ್ ಲಿವಿಂಗ್' ಅಂತ ಶುರು ಮಾಡಿದ. ವಿದ್ಯಾರ್ಥಿಗಳು ಬೇರೆ ದೇಶಕ್ಕೆ ಹೋಗಿ ಅಲ್ಲಿನ ಮನೆಗಳಲ್ಲಿ ಮಕ್ಕಳ ಹಾಗೆ ಇರುವುದು. ಮಹಾಯುದ್ಧ ಮುಗಿದ ಮೇಲೆ 1949ರಲ್ಲಿ ಡೆನ್ಮಾರ್ಕಿನಲ್ಲಿ 'ಸರ್ವಾಸ್' ಹುಟ್ಟಿತು. ಒಬ್ಬರ ಮನೆಯಲ್ಲಿ ಒಬ್ಬರು ಒಂದೆರಡು ದಿನ ಉಳಿದರೆ ಮುಂದಿನ ಯುದ್ಧ ತಪ್ಪೀತು ಅನ್ನುವ ಆಸೆ. ಅಲ್ಲಿ ದುಡ್ಡಿನ ಮಾತೇ ಇಲ್ಲ. ಮತ್ತೆ 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಾಡಿಗೆ ಕಟ್ಟಲು ಪರದಾಡುತ್ತಿದ್ದ ಹುಡುಗರು ನೆಲದ ಮೇಲೆ ಗಾಳಿ ಹಾಸಿಗೆ ಹಾಸಿ ಮೂವರನ್ನು ಮಲಗಿಸಿದರು, ಅದೇ ಏರ್‌ಬಿಎನ್‌ಬಿ ಆಯಿತು. ಅಲ್ಲಿಂದ ಮುಂದೆ ಗೊತ್ತೇ ಇದೆ. 2018ರಲ್ಲಿ ನಮ್ಮ ಮುಂಬೈಯದ್ದೇ ಒಂದು ಝೋಪಡಿ ಮನೆಯ ಸುದ್ದಿ ಬಂದಿತ್ತು, ಒಂದು ರಾತ್ರಿಗೆ 2,000 ರೂಪಾಯಿ, ಕೊಳೆಗೇರಿಯ ಕುಟುಂಬದ ಜೊತೆ ಇದ್ದು ಬಡತನ ನೋಡಿ ಅಂತ. ಅತಿಥಿಗಾಗಿ ಮೇಲಿನ ಅಟ್ಟಕ್ಕೆ ಎಸಿ ಹಾಕಿಸಿದ್ದರಂತೆ. ಬೈದವರು ಬೈದರು. ನನಗೆ ನಗು ಬಂತು, ಯಾಕಂದರೆ ನಾವು ಬಾಲ್ಕನಿಯ ಹಗ್ಗ ಬಿಚ್ಚಿದ್ದಕ್ಕೂ ಅವರು ಎಸಿ ಹಾಕಿಸಿದ್ದಕ್ಕೂ ವ್ಯತ್ಯಾಸ ಏನು?

ಖೋಲಿಯಲ್ಲಿ ಉಳಿಯುವುದು ಅಂದರೆ ಏನು ಅಂತ ನಮಗೆ ಯಾರಾದರೂ ಮಾರಬೇಕಾ? 1978ರಲ್ಲಿ ಹದಿನೇಳು ವರ್ಷದವನು ಬಸ್ಸಿನಲ್ಲಿ ಬಂದು ಇಳಿದಾಗ ನನಗಿದ್ದದ್ದು ಫೋರ್ಟಿನ ಒಂದು ಖೋಲಿಯ ವಿಳಾಸ. ಊರಿನವರು, ದೂರದ ನೆಂಟರೂ ಅಲ್ಲ. ಹತ್ತಕ್ಕೆ ಹನ್ನೆರಡರ ಕೋಣೆಯಲ್ಲಿ ಹದಿನಾಲ್ಕು ಜನ, ಪಾಳಿಯ ಮೇಲೆ ನಿದ್ದೆ. ಹೋಟೆಲಿನ ರಾತ್ರಿ ಪಾಳಿಯವನು ಎದ್ದ ಜಾಗದಲ್ಲಿ ಹಗಲು ಪಾಳಿಯವನು ಮಲಗುವುದು. ನನಗೆ ಜಾಗ ಕೊಡಲು ಒಬ್ಬರು ಆರು ತಿಂಗಳು ಹೊರಗಿನ ಪ್ಯಾಸೇಜಿನಲ್ಲಿ ಮಲಗಿದ್ದರು, ಅದು ನನಗೆ ಗೊತ್ತಾದದ್ದೇ ಮುಂದಿನ ಮಳೆಗಾಲಕ್ಕೆ. ಅಂಥ ಖೋಲಿಗಳಲ್ಲಿ ಮಲಗಿ, ರಾತ್ರಿ ಶಾಲೆಯಲ್ಲಿ ಓದಿ ನಮ್ಮಲ್ಲಿ ಎಷ್ಟು ಜನ ಮನೆ ಕಟ್ಟಿದೆವು! ಮನೆ ಕಟ್ಟಿದ ಮೇಲೆ ಊರಿನವರಿಗೆ ಲಾಡ್ಜ್ ಬುಕ್ ಮಾಡಿದೆವು.

ಹೊರಗೆ ಹೋದಾಗಲೂ ನಾವು ಹೀಗೇ. 2016ರಲ್ಲಿ ಮಗನ ಹತ್ತಿರ ನ್ಯೂಜೆರ್ಸಿಗೆ ಹೋಗಿ ಮೂರು ತಿಂಗಳು ಇದ್ದೆವು. ಎಡಿಸನ್ನಿನ ಓಕ್ ಟ್ರೀ ರೋಡಿನಲ್ಲಿ ಬೆಂಡೆಕಾಯಿ ಆರಿಸಿದೆವು, ಕನ್ನಡದವರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಉಂಡೆವು. ಮೂರು ತಿಂಗಳಲ್ಲಿ ಒಬ್ಬ ಅಮೆರಿಕನ್ನನ ಮನೆಯ ಒಳಗೆ ಕಾಲಿಡಲಿಲ್ಲ. ಪಕ್ಕದ ಮನೆಯ ಮುದುಕ ಒಂದು ಸಲ ಬಾರ್ಬೆಕ್ಯೂಗೆ ಕರೆದಿದ್ದ. ಮಾಂಸ ಯಾವುದೋ ಏನೋ ಅಂತ ಮೀನು ತಿನ್ನುವ ನಾನೇ ನೆಪ ಹೇಳಿದೆ. ಊರಿಗೆ ಬಂದು ಅಮೆರಿಕ ನೋಡಿದೆ ಅಂತ ಅಂಗಡಿ ಕಟ್ಟೆಯಲ್ಲಿ ಕೂತು ಭಾಷಣ ಬಿಗಿದದ್ದೂ ನಾನೇ. ಡಚ್ಚರ ಆ ಹೆಂಗಸು ನಮಗಿಂತ ಗಟ್ಟಿಗಿತ್ತಿ ಅಂತ ಒಪ್ಪಬೇಕು. ಬಂದ ದೇಶದ ಗಂಜಿಗೆ ನೆಲದ ಮೇಲೆ ಕೂತಳು.

ಅಮ್ಮ 2017ರಲ್ಲಿ ಹೋದರು. ಜಾಲತಾಣದಿಂದ ಮನೆಯ ಹೆಸರನ್ನು ಮಗಳಿಗೆ ಹೇಳಿ ಅದಕ್ಕೂ ಮೊದಲೇ ತೆಗೆಸಿದ್ದೆ. ಹೆಂಡತಿ ಮಾತ್ರ ಇದಕ್ಕೆ ಪೂರ್ತಿ ವಿರೋಧವಿಲ್ಲ. ಕಾರ್ಯಕ್ರಮದಿಂದ ಬಂದು ಇದನ್ನೆಲ್ಲ ಹೇಳಿದಾಗ ಅವಳ ವಾದ ಬೇರೆಯೇ. "ಬರಲಿ, ಬೇಡ ಅಂದದ್ದು ಯಾರು? ದುಡ್ಡು ನನ್ನ ಖಾತೆಗೆ ಬರಬೇಕು. ಬಂಗುಡೆ ನಿಲ್ಲಿಸೂದಿಲ್ಲ. ಬಟ್ಟೆ ಬಾಲ್ಕನಿಯಲ್ಲೇ ಒಣಗ್ತದೆ. ಮತ್ತೆ ಊರಿನವರು ಬಂದ್ರೆ ಅವರೂ ಅಲ್ಲೇ ಮಲಗ್ತಾರೆ, ನೋಡಿದವರು ನೋಡಲಿ" ಅಂದಳು. ಇಷ್ಟು ಷರತ್ತು ಒಪ್ಪುವ ಅತಿಥಿ ಸಿಕ್ಕಿದರೆ ನನಗೂ ಅಡ್ಡಿಯಿಲ್ಲ. ಮಾಟುಂಗಾದ ಆ ಪರಿಚಯದವರಿಗೂ ನಾನು ಹೇಳಬೇಕೆಂದಿದ್ದದ್ದು ಹೆಚ್ಚುಕಡಿಮೆ ಇಷ್ಟೇ. ನಿಮ್ಮ ಜರ್ಮನಿಯವರು ಇದ್ದಾಗ ಊರಿನಿಂದ ಒಂದು ಫೋನ್ ಬಂದರೆ ಏನು ಹೇಳುತ್ತೀರಿ, ಅದನ್ನು ಈಗಲೇ ಯೋಚಿಸಿಟ್ಟುಕೊಳ್ಳಿ.

ಆ ರಾತ್ರಿ ಅಳಿಯನಿಗೆ ಫೋನ್ ಮಾಡಿದೆ. ಈಗ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ, ಮಗಳು ಸ್ಕೂಲಿಗೆ ಹೋಗುತ್ತಾಳೆ. ಮೇ ರಜೆಗೆ ಮಗುವನ್ನು ಕರೆದುಕೊಂಡು ಬನ್ನಿ, ಗೊರಾಯಿ ದೋಣಿಯಲ್ಲಿ ಕರೆದುಕೊಂಡು ಹೋಗುತ್ತೇನೆ, ಕಾನ್ಹೇರಿ ತೋರಿಸುತ್ತೇನೆ, ರೂಮು ಖಾಲಿಯೇ ಇದೆ ಅಂದೆ. ಮಗುವಿನ ಬಗ್ಗೆ ಮಾತಾಡಿದ, ಮಳೆಯ ಬಗ್ಗೆ ಮಾತಾಡಿದ, ಅತ್ತೆಯ ಮಂಡಿನೋವು ಹೇಗಿದೆ ಅಂತ ವಿಚಾರಿಸಿದ. ನಾನು ಮತ್ತೊಮ್ಮೆ ಕೇಳಿದೆ.

"ನೋಡುವ ಮಾವ" ಅಂದ.